ಸುಳ್ಳು ಸಹಿ, ಇಲ್ಲದ ಸಹಿ

ಬೇರೆಯವರ ಸಹಿ ಹಾಕಿ ಚಿತ್ರ ಮಾರಿದರೆ ಕಳವು ಅನ್ನುತ್ತೇವೆ. ಹಂಗಾದ್ರ ದುಡಿದವರ ಸಹಿಗೆ ಜಾಗವನ್ನೇ ಕೊಡದಿದ್ದರೆ ಅದಕ್ಕೇನನ್ನಬೇಕು?

ಚಿತ್ರಕಾರ ಸೈಯದ್ ಹೈದರ್ ರಜಾ 1950ರಲ್ಲಿ ಪ್ಯಾರಿಸ್ಸಿಗೆ ಹೋದರು. ಅಲ್ಲಿ ಜೊತೆಗೆ ಕಲಿತ ಜಾನೀನ್ ಮೊಂಜಿಲಾರನ್ನು ಪ್ರೀತಿಸಿ 1959ರಲ್ಲಿ ಮದುವೆಯಾದರು. 2009ರಲ್ಲಿ ದಿಲ್ಲಿಯಲ್ಲಿ ತಮ್ಮ ಚಿತ್ರಗಳ ಪ್ರದರ್ಶನ ಉದ್ಘಾಟಿಸಲು ಬಂದು ನೋಡಿದರೆ, ಗೋಡೆ ಮೇಲೆ ತೂಗಿದ್ದವು ನಕಲಿ ಚಿತ್ರಗಳು! ಪತ್ರಿಕೆಗಳು ಬರೆದವು. ಬರೆಯಲೇಬೇಕು. ಜೀವ ತೇಯ್ದು ಗಳಿಸಿದ ಹೆಸರನ್ನು ಕದಿಯುವುದು ಅನ್ಯಾಯ.

ಪರದೇಶದ ಕಲಾವಿದರು ನಮ್ಮ ವಿಜಯಪುರಕ್ಕೂ ಬಂದಿದ್ದರು. ಡಚ್ ಚಿತ್ರಕಾರ ಕಾರ್ನೆಲಿಸ್ ಹೇಡಾ ಸುಮಾರು 1610ರಿಂದ ಇಮ್ಮಡಿ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿದ್ದ. ಪ್ರೇಮದೇವತೆ ವೀನಸ್ಸಳ ಚಿತ್ರ ಬರೆದುಕೊಟ್ಟ. ಅವನ ಹೆಸರು ಕಾಗದದಲ್ಲಿ ಉಳಿಯಿತು. ಇಬ್ರಾಹಿಂ ರೋಜಾದ ಶಾಸನದಲ್ಲಿ ಮಲಿಕ್ ಸಂದಲ್‌ನ ಹೆಸರಿದೆ, ಖರ್ಚಾದ ಹೊನ್ನಿನ ಲೆಕ್ಕವೂ ಇದೆ. ಆದರೆ ಕಲ್ಲು ಒಡೆದವರು ಯಾರು? ಗಚ್ಚು ಅರೆದವರು, ನೀರು ಹೊತ್ತವರು ಯಾರು? ತಿಕೋಟಾದವರೋ, ಬಬಲೇಶ್ವರದವರೋ? ಅವರೂ ಯಾರನ್ನೋ ಪ್ರೀತಿಸಿರಬೇಕಲ್ಲ? ಒಂದು ಕಲ್ಲೂ ಬಾಯಿ ಬಿಡೂದಿಲ್ಲ.

ಬೆಲೆಯುಳ್ಳ ಸಹಿಯನ್ನಷ್ಟೇ ಕಳ್ಳ ನಕಲು ಮಾಡುತ್ತಾನೆ. ಕೂಲಿಯವನ ಹೆಸರನ್ನು ಯಾರೂ ನಕಲು ಮಾಡಲಿಲ್ಲ, ಯಾಕಂದ್ರ ಅದಕ್ಕೆ ಬೆಲೆಯನ್ನೇ ಕಟ್ಟಲಿಲ್ಲ. ಮೊದಲ ಅನ್ಯಾಯಕ್ಕೆ ಕೋರ್ಟಿದೆ, ಎರಡನೆಯದಕ್ಕೆ ಪ್ರವಾಸಿ ಟಿಕೆಟ್ ಇದೆ.

ಗೆಳೆಯರೆ, ಕಟ್ಟಿಸಿದವನು ಬೇರೆ, ಕಟ್ಟಿದವನು ಬೇರೆ. 'ಅರಸ ಕಟ್ಟಿದ' ಎಂದು ಮಕ್ಕಳಿಗೆ ಬರೆಸುವ ಪಾಠವೂ ಸುಳ್ಳು ಸಹಿಯೇ. ಅದನ್ನು ತಿದ್ದಲು ಮೇಷ್ಟ್ರ ಕೈಯ ಒಂದು ಸೀಮೆಸುಣ್ಣ ಸಾಕು.