ಚಾಲಕನ ತಪ್ಪು, ಟ್ರ್ಯಾಕಿನ ಹೊಣೆ

1994ರ ಫಾರ್ಮುಲಾ 1 ಜಪಾನ್ ಗ್ರ್ಯಾನ್ ಪ್ರಿ. ಸುಝುಕಾದ ಡನ್‌ಲಪ್ ತಿರುವಿನ ಬಳಿ ಮಳೆಯಲ್ಲಿ ಜಾರಿ ಹೊರಗೆ ನಿಂತಿದ್ದ ಕಾರನ್ನು ಎತ್ತಲು ಟ್ರ್ಯಾಕ್ಟರ್ ಬಂದಿತ್ತು. ಅಷ್ಟರಲ್ಲಿ ಮಾರ್ಟಿನ್ ಬ್ರಂಡಲ್ ಅವರ ಕಾರೂ ಅಲ್ಲೇ ಜಾರಿತು. ಟ್ರ್ಯಾಕ್ಟರಿಗೆ ಬಡಿಯುವುದು ಕೂದಲೆಳೆಯಲ್ಲಿ ತಪ್ಪಿತು, ಆದರೆ ಟ್ರ್ಯಾಕಿನ ಬದಿಯ ಕಾವಲು ಸಿಬ್ಬಂದಿಯಾದ ಮಾರ್ಷಲ್ ಒಬ್ಬರ ಕಾಲು ಮುರಿಯಿತು. ಇಪ್ಪತ್ತು ವರ್ಷಗಳ ಮೇಲೆ, 2014ರ ಅಕ್ಟೋಬರ್ 5ರಂದು, ಅದೇ ತಿರುವು, ಮತ್ತೆ ಮಳೆ. ಅಪಘಾತಕ್ಕೀಡಾದ ಆಡ್ರಿಯನ್ ಸುಟಿಲ್ ಅವರ ಕಾರನ್ನು ಎತ್ತುತ್ತಿದ್ದ ಕ್ರೇನಿನ ಅಡಿಗೆ ಜೂಲ್ ಬಿಯಾಂಕಿ ನುಗ್ಗಿದರು. ಒಂಬತ್ತು ತಿಂಗಳು ಕೋಮಾದಲ್ಲಿದ್ದು, 2015ರ ಜುಲೈ 17ರಂದು, ಇಪ್ಪತ್ತೈದನೇ ವಯಸ್ಸಿನಲ್ಲಿ ತೀರಿಕೊಂಡರು.

ಚಕ್ರಗಳಿಗೆ ಹೊದಿಕೆಯಿಲ್ಲದ, ಚಾಲಕನ ತಲೆಯೂ ಬಯಲಿಗೇ ಇರುವ ಈ ಕಾರುಗಳ ಪಂದ್ಯದಲ್ಲಿ ಚಾಲಕ ತಪ್ಪಿದರೆ ಅದರ ಫಲ ಯಾರ ಪಾಲಿಗೆ? ಇದೇ ಇಲ್ಲಿನ ವಿಚಾರ. ಸ್ಥಾನ, ಅಂಕ, ಗೆಲುವು ಹೋದರೆ ಅದು ಚಾಲಕನ ಪಾಲು. ಪ್ರಾಣ ಉಳಿಸುವ ಹೊಣೆ ಪಂದ್ಯ ನಡೆಸುವವರದು. ನನ್ನ ಪಕ್ಷ ಇದು.

ಮೊದಲ ಪೂರ್ವಪಕ್ಷ ಹಳೆಯದು: ಅಪಾಯವೇ ಈ ಆಟದ ಜೀವ, ಅದನ್ನು ತೆಗೆದರೆ ಉಳಿಯುವುದು ಬರೀ ಓಡಾಟ. ಹೀಗೆ ವಾದಿಸಿದವರೇನೂ ಹೇಡಿಗಳಲ್ಲ. 1976ರಲ್ಲಿ ನೂರ್‌ಬರ್ಗ್‌ರಿಂಗ್‌ನಲ್ಲಿ ಬೆಂಕಿಯಲ್ಲಿ ಬೆಂದು, ಆರು ವಾರಗಳಲ್ಲೇ ಮತ್ತೆ ಕಾರು ಹತ್ತಿದ ನಿಕಿ ಲೌಡಾ ಅವರೇ ಮುಂದೆ ಚಾಲಕನ ತಲೆಯ ಸುತ್ತ ಬರುವ ಬಳೆಯಾಕಾರದ ಹೇಲೊ ರಕ್ಷಾಕವಚವನ್ನು ಬಹಿರಂಗವಾಗಿ ವಿರೋಧಿಸಿದರು. ಆದರೆ ಇಲ್ಲಿ ಎರಡು ಅಪಾಯಗಳು ಕಲಸಿಹೋಗಿವೆ. ತಿರುವಿಗೆ ಎಷ್ಟು ತಡವಾಗಿ ಬ್ರೇಕ್ ಹಾಕಬೇಕು, ಒದ್ದೆ ನೆಲವನ್ನು ಎಷ್ಟು ನಂಬಬೇಕು ಎಂಬುದು ಚಾಲಕ ತಾನಾಗಿ ಕೈಗೆತ್ತಿಕೊಳ್ಳುವ ಅಪಾಯ. ಆಟದ ರುಚಿ ಇರುವುದು ಅಲ್ಲಿ. ತಿರುವಿನಾಚೆ ಕ್ರೇನ್ ನಿಂತಿರುವುದು ಬೇರೆಯವರು ಅವನ ದಾರಿಯಲ್ಲಿ ತಂದಿಟ್ಟ ಅಪಾಯ. ಅದನ್ನು ತೆಗೆದದ್ದರಿಂದ ಯಾವ ಪಂದ್ಯವೂ ಸಪ್ಪೆಯಾಗಿಲ್ಲ.

‘ಬಿಯಾಂಕಿ ವಿಷಯದಲ್ಲಿ ತಪ್ಪು ಅವರದೇ ಅಲ್ಲವೇ?’ ಎಂಬುದು ಎರಡನೆಯದು, ಇದಕ್ಕೆ ತೂಕವಿದೆ. ಅಲ್ಲಿ ಎರಡೆರಡು ಹಳದಿ ಬಾವುಟ ಬೀಸುತ್ತಿದ್ದರು. ವೇಗ ಇಳಿಸಿ, ಬೇಕಾದರೆ ನಿಲ್ಲಲೂ ಸಿದ್ಧರಿರಿ ಎಂಬ ಆಜ್ಞೆ ಅದು. ಅವರು ಸಾಕಷ್ಟು ನಿಧಾನಿಸಲಿಲ್ಲ ಎಂದು ಈ ಪಂದ್ಯಗಳ ಆಡಳಿತ ಸಂಸ್ಥೆಯಾದ ಎಫ್‌ಐಎಯ ತನಿಖಾ ಸಮಿತಿಯೇ ಹೇಳಿತು. ಗಂಟೆಗೆ 213 ಕಿ.ಮೀ. ವೇಗದಲ್ಲಿ ಟ್ರ್ಯಾಕ್ ಬಿಟ್ಟ ಕಾರು 126 ಕಿ.ಮೀ. ವೇಗದಲ್ಲಿ ಕ್ರೇನಿಗೆ ಬಡಿಯಿತು. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎಷ್ಟು ನಿಧಾನಿಸಬೇಕೆಂಬುದನ್ನು ನಿಯಮ ಚಾಲಕನ ವಿವೇಚನೆಗೇ ಬಿಟ್ಟಿತ್ತು. ಮುಂದಿನವನೂ ಹಿಂದಿನವನೂ ತನ್ನಷ್ಟೇ ಇಳಿಸುತ್ತಾರೆಂಬ ಖಾತ್ರಿಯಿಲ್ಲದೆ ಯಾವ ಸ್ಪರ್ಧಿ ತಾನೇ ಮನಸಾರೆ ಸೆಕೆಂಡು ಬಿಟ್ಟುಕೊಟ್ಟಾನು? ಗೆಲ್ಲಲು ಕಳಿಸಿದವನ ತ್ಯಾಗವನ್ನು ನಂಬಿ ಕೂತ ನಿಯಮ ಅದು. 2015ರಲ್ಲಿ ಬಂದ ವರ್ಚುವಲ್ ಸೇಫ್ಟಿ ಕಾರ್ ಪದ್ಧತಿ ಈ ಗಂಟನ್ನು ಬಿಡಿಸಿತು. ಟ್ರ್ಯಾಕ್ ಕ್ರಮಿಸಲು ಎಲ್ಲರಿಗೂ ಒಂದೇ ಕನಿಷ್ಠ ಸಮಯ. ಅದಕ್ಕಿಂತ ಬೇಗ ಹೋದರೆ ದಂಡ. ನಿಧಾನಿಸಿದವನಿಗೆ ನಷ್ಟವಿಲ್ಲದ ಕಾರಣ ಎಲ್ಲರೂ ನಿಧಾನಿಸುತ್ತಾರೆ.

ಸಮಿತಿ ಇನ್ನೊಂದು ಮಾತನ್ನೂ ಹೇಳಿತು. ರೇಸ್ ಕಾರು ಭಾರೀ ವಾಹನಕ್ಕೆ ಬಡಿದರೂ ಚಾಲಕ ಬದುಕುವಂತೆ ಮಾಡಹೊರಡುವುದೇ ತಪ್ಪು ದಾರಿ, ಬಡಿಯದಂತೆ ನೋಡಿಕೊಳ್ಳಬೇಕು. ಇಷ್ಟಾಗಿಯೂ 2022ರಲ್ಲಿ ಅದೇ ಸುಝುಕಾದಲ್ಲಿ, ನೀರಿನ ತುಂತುರಿನ ನಡುವೆ, ಪಿಯೆರ್ ಗ್ಯಾಸ್ಲಿ ಟ್ರ್ಯಾಕಿನಲ್ಲಿದ್ದ ಟ್ರ್ಯಾಕ್ಟರಿನ ಪಕ್ಕದಲ್ಲೇ ಹಾದುಹೋದರು. ಆಗ ಎಲ್ಲರನ್ನೂ ನಿಧಾನವಾಗಿ ಸಾಲಾಗಿ ಕರೆದೊಯ್ಯುವ ಸೇಫ್ಟಿ ಕಾರ್ ಹೊರಟಿತ್ತು. ಪಿಟ್‌ಗೆ ಹೋಗಿಬಂದ ಗ್ಯಾಸ್ಲಿ ಮಾತ್ರ ಸಾಲನ್ನು ಕೂಡಿಕೊಳ್ಳಲು ವೇಗವಾಗಿ ಬರುತ್ತಿದ್ದರು. ಕೊನೆಯ ಕಾರೂ ಸಾಲಿಗೆ ಸೇರುವವರೆಗೆ ಮಳೆಯಲ್ಲಿ ಯಾವ ಕ್ರೇನೂ ಒಳಗೆ ಬರಕೂಡದು. ಅದಕ್ಕೆ ನಾಲ್ಕು ಸುತ್ತು ಹಾಳಾದರೆ ಆಗಲಿ.

ಹೇಲೊ ಬಗೆಗಿನ ಆಕ್ಷೇಪ ಬೇಗ ಮುಗಿಯುವಂಥದ್ದು. ಅಂದಗೆಡಿಸುತ್ತದೆ, ಹೊರಬರಲು ಅಡ್ಡಿಯಾಗುತ್ತದೆ ಎಂದರು. ರೊಮೇನ್ ಗ್ರೋಜಾನ್ ಕೂಡ ಮೊದಲು ಬೇಡವೆಂದವರೇ. 2020ರ ನವೆಂಬರ್ 29ರಂದು ಬಹರೇನ್‌ನಲ್ಲಿ ಅವರ ಕಾರು ಗಂಟೆಗೆ 192 ಕಿ.ಮೀ. ವೇಗದಲ್ಲಿ ಲೋಹದ ತಡೆಬೇಲಿಗೆ ಬಡಿದು ಎರಡು ತುಂಡಾಯಿತು. ಮುಂಭಾಗ ಬೇಲಿಯ ಪಟ್ಟಿಗಳನ್ನು ಸೀಳಿ ಒಳಹೊಕ್ಕಿತು, ಬೆಂಕಿ ಎದ್ದಿತು. ತಲೆಗೆ ಬರುತ್ತಿದ್ದ ಉಕ್ಕಿನ ಪಟ್ಟಿಯನ್ನು ಹೇಲೊದ ಟೈಟಾನಿಯಂ ಬಳೆ ತಡೆಯಿತು. ಎಡಗಾಲು ಸಿಕ್ಕಿಕೊಂಡಿತ್ತು; ಶೂವನ್ನು ಅಲ್ಲೇ ಬಿಟ್ಟು ಪಾದ ಕಿತ್ತುಕೊಂಡರು. ಅರ್ಧ ನಿಮಿಷದೊಳಗೆ ಸುಟ್ಟ ಕೈಗಳೊಂದಿಗೆ ಬೇಲಿ ಹತ್ತಿ ಬಂದರು. ಮೊದಲ ಸುತ್ತಿನಲ್ಲಿ ಕಾರುಗಳ ಬೆನ್ನಿಗೇ ಓಡುವ ವೈದ್ಯಕೀಯ ಕಾರಿನ ವೈದ್ಯ ಇಯನ್ ರಾಬರ್ಟ್ಸ್ ಅಲ್ಲಿ ಅವರನ್ನು ಹಿಡಿದುಕೊಂಡರು. ಆಮೇಲೆ ಆಸ್ಪತ್ರೆಯಿಂದಲೇ ಗ್ರೋಜಾನ್ ಹೇಲೊವನ್ನು ಬಾಯ್ತುಂಬ ಹೊಗಳಿದರು. 2009ರಲ್ಲಿ ಬ್ರಾಂಡ್ಸ್ ಹ್ಯಾಚ್‌ನಲ್ಲಿ, ಬೇರೆ ಕಾರಿನಿಂದ ಕಳಚಿ ಹಾರಿದ ಚಕ್ರ ತಲೆಗೆ ಬಡಿದು 18ರ ಹೆನ್ರಿ ಸರ್ಟೀಸ್ ಸತ್ತಾಗ ಈ ಬಳೆ ಇರಲಿಲ್ಲ.

ಭದ್ರತೆ ಹೆಚ್ಚಿದಷ್ಟೂ ಚಾಲಕರು ಒರಟಾಗುತ್ತಾರೆ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಸಾವಿನ ಭಯ ಕಡಿಮೆಯಾದಾಗ ಎದುರಾಳಿಯನ್ನು ಅಂಚಿಗೆ ತಳ್ಳುವ ಧೈರ್ಯ ಬರುತ್ತದೆ. ಅದಕ್ಕೆ ಮದ್ದು ನಿಯಮದಲ್ಲಿದೆ; ಹೆಣ ಬೀಳಿಸಿ ಶಿಸ್ತು ಕಲಿಸಬೇಕಿಲ್ಲ. ಹನ್ನೆರಡು ತಿಂಗಳಲ್ಲಿ 12 ದಂಡಾಂಕ ಸೇರಿದರೆ ಒಂದು ಪಂದ್ಯದ ನಿಷೇಧ. ಕೆವಿನ್ ಮ್ಯಾಗ್ನುಸನ್ 2024ರಲ್ಲಿ ಬಾಕು ಪಂದ್ಯದಿಂದ ಹೊರಗುಳಿದದ್ದು ಹೀಗೆಯೇ. ಮೇಲಾಗಿ ಎಲ್ಲ ಅಪಘಾತವೂ ಒರಟುತನದ ಫಲವಲ್ಲ. ಅದೇ ವಾರಾಂತ್ಯ, ಅದೇ ಬಾಕುವಿನ ಫಾರ್ಮುಲಾ 2 ಪಂದ್ಯದಲ್ಲಿ ಬೆಂಗಳೂರಿನ ಕುಶ್ ಮೈನಿ ಅವರ ಕಾರು ಆರಂಭದ ಗೆರೆಯಲ್ಲೇ ನಿಂತುಹೋಯಿತು. ಹಿಂದಿನಿಂದ ಪೂರ್ಣ ವೇಗಕ್ಕೇರುತ್ತಿದ್ದ ಕಾರು ಬಂದು ಬಡಿಯಿತು. ನಿಂತ ಕಾರಿನಲ್ಲಿ ಕೂತವನು ಯಾವ ಎಚ್ಚರಿಕೆ ತೆಗೆದುಕೊಳ್ಳಬಲ್ಲ? ಅವರು ಎದ್ದು ನಡೆದು ಬಂದದ್ದು ಕಾರಿನ ಗಟ್ಟಿತನದಿಂದ.

ಕೊನೆಯ ಆಕ್ಷೇಪ: ಚಾಲಕರು ಒಪ್ಪಿ ಬಂದವರು, ನಮಗೇಕೆ ಉಸಾಬರಿ? ಒಪ್ಪಿಗೆ ಚಾಲಕನದೆಂದೇ ಇಟ್ಟುಕೊಳ್ಳೋಣ. ಆದರೆ 2000ದಲ್ಲಿ ಮೊಂಝಾದಲ್ಲಿ, 2001ರಲ್ಲಿ ಮೆಲ್ಬರ್ನ್‌ನಲ್ಲಿ ಹಾರಿಬಂದ ಚಕ್ರಕ್ಕೆ ಸಿಕ್ಕಿ ಸತ್ತವರು ಮಾರ್ಷಲ್‌ಗಳು. 2013ರಲ್ಲಿ ಮಾಂಟ್ರಿಯಲ್‌ನಲ್ಲಿ, ಪಂದ್ಯ ಮುಗಿದ ಮೇಲೆ, ಕೆಟ್ಟ ಕಾರನ್ನು ಸಾಗಿಸುತ್ತಿದ್ದ ವಾಹನದಡಿ ಸಿಕ್ಕಿ ಸತ್ತವರೂ ಮಾರ್ಷಲ್ಲೇ. ಚಕ್ರ ಹಾರಿಹೋಗದಂತೆ ಕಟ್ಟುವ ಹಗ್ಗ 1999ರಿಂದಲೇ ಇತ್ತು. ಒಂದು ಸಾಲದೆಂದು 2011ರಿಂದ ಚಕ್ರಕ್ಕೆರಡು ಕಡ್ಡಾಯವಾದವು. ಎರಡನೆಯ ಹಗ್ಗ ಚಾಲಕನನ್ನು ಕಾಯುವಷ್ಟೇ ಬಾವುಟ ಹಿಡಿದು ಬೇಲಿಯ ಹಿಂದೆ ನಿಂತವರನ್ನೂ ಕಾಯುತ್ತದೆ.