ಗುರುತು, ಗುರುತಿನ ಚೀಟಿ

ಇಂಗ್ಲೆಂಡಿಗೆ ಬಂದ ಹೊಸತರಲ್ಲಿ ನನಗೆ ಸೋಜಿಗವೆನಿಸಿದ್ದು ಇಲ್ಲಿನ ಮತಗಟ್ಟೆ. ಹೆಸರು, ವಿಳಾಸ ಹೇಳಿದರೆ ಸಾಕು, ಮತಪತ್ರ ಕೈಗೆ ಬರುತ್ತಿತ್ತು. ಚೀಟಿ ಕೇಳುವವರಿಲ್ಲ, ಬೆರಳಿಗೆ ಶಾಯಿಯಿಲ್ಲ. ಕಾಮನ್‌ವೆಲ್ತ್ ದೇಶದವನೆಂಬ ಕಾರಣಕ್ಕೆ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡ ನನಗೂ ಇಲ್ಲಿ ಮತವಿದೆ. ಶೇಷನ್ ಅವರ ಕಾಲವನ್ನು ಕಂಡ ನನಗೆ, ಇಷ್ಟು ನಂಬಿದರೆ ಹೇಗಪ್ಪಾ ಎನ್ನಿಸುತ್ತಿತ್ತು.

2022ರ ಚುನಾವಣಾ ಕಾಯಿದೆ ಆ ನಂಬಿಕೆಯನ್ನು ಮುಗಿಸಿತು. 2023ರ ಮೇ ತಿಂಗಳ ಸ್ಥಳೀಯ ಚುನಾವಣೆಯಿಂದ ಇಂಗ್ಲೆಂಡಿನಲ್ಲಿ ಫೋಟೋ ಇರುವ ಗುರುತಿನ ಚೀಟಿ ಕಡ್ಡಾಯ. ಆ ದಿನ ನಾನು ನಮ್ಮ ಬಡಾವಣೆಯ ಮತಗಟ್ಟೆಯಲ್ಲಿ ಗುಮಾಸ್ತನಾಗಿ ಕೂತಿದ್ದೆ. ಎಂಬತ್ತು ದಾಟಿದ ನೆರೆಯ ಅಜ್ಜಿ, ಕೌನ್ಸಿಲ್ಲಿನವರೇ ಅಂಚೆಯಲ್ಲಿ ಕಳಿಸಿದ್ದ ಪೋಲ್ ಕಾರ್ಡ್ ಹಿಡಿದು ಬಂದರು. ಅದು ಗುರುತಿನ ಚೀಟಿಯಲ್ಲ. ಪಾಸ್‌ಪೋರ್ಟ್ ಎಂದೂ ಮಾಡಿಸಿಲ್ಲ, ಕಾರು ಓಡಿಸಿಲ್ಲ, ಬಸ್ ಪಾಸ್ ಎಲ್ಲೋ ಕಳೆದಿದೆ. "ನಾನು ಯಾರೂಂತ ನಿನಗೆ ಗೊತ್ತಲ್ಲ ಮಗು?" ಎಂದರು. ಗೊತ್ತಿತ್ತು. ಅವರ ಮನೆಯ ಕಸದ ಡಬ್ಬಿಯನ್ನು ಬೀದಿಗೆ ತಂದಿಡುವವನೇ ನಾನು. ಆದರೆ ನನ್ನ ಅರಿವು ಕಾಯಿದೆಯ ಲೆಕ್ಕಕ್ಕಿಲ್ಲ. ಅಧಿಕಾರಿ ಸೌಜನ್ಯದಿಂದಲೇ ವಾಪಸ್ ಕಳಿಸಿದರು. ಅವರು ಮತ್ತೆ ಬರಲಿಲ್ಲ.

ಅಂದಿನಿಂದ ಒಂದು ಪ್ರಶ್ನೆ ಕಾಡುತ್ತಿದೆ. ಸುಳ್ಳು ಮತವೊಂದು ಒಳಗೆ ಹೋಗುವುದು, ನಿಜವಾದ ಮತದಾರರೊಬ್ಬರು ಹೊರಗುಳಿಯುವುದು, ಇವೆರಡರಲ್ಲಿ ಯಾವುದು ಹೆಚ್ಚಿನ ಅನ್ಯಾಯ? ಚೀಟಿಯ ಪರ ಇರುವವರ ವಾದ ಪೊಳ್ಳಲ್ಲ. ಒಂದು ಕಳ್ಳ ಮತ ಯಾರದೋ ಪ್ರಾಮಾಣಿಕ ಮತವನ್ನು ಅಳಿಸಿಹಾಕುತ್ತದೆ, ಅದು ಅವರಿಗೆ ತಿಳಿಯುವುದೂ ಇಲ್ಲ. ಉತ್ತರ ಐರ್ಲೆಂಡಿನಲ್ಲಿ ಬೇರೆಯವರ ಹೆಸರಿನಲ್ಲಿ ಮತ ಹಾಕುವ ಕಾಟದ ದೂರು ಹಳೆಯದು. ಅಲ್ಲಿ 2003ರಿಂದಲೇ ಫೋಟೋ ಚೀಟಿ ಬೇಕು, ಅದನ್ನು ಪುಕ್ಕಟೆಯಾಗಿ ಕೊಡುತ್ತಾರೆ. ಅಲ್ಲಿ ನನ್ನ ತಕರಾರಿಲ್ಲ. ಆದರೆ ಇಂಗ್ಲೆಂಡಿನ ಮತಗಟ್ಟೆಗಳಲ್ಲಿ ಇಂಥ ಅಪರಾಧಕ್ಕೆ ಶಿಕ್ಷೆಯಾದದ್ದು ಬೆರಳೆಣಿಕೆಯಷ್ಟು. ಮರಳಿ ಹೋದವರೋ? ಚುನಾವಣಾ ಆಯೋಗದ ಲೆಕ್ಕದಲ್ಲೇ 2023ರ ಆ ಒಂದು ದಿನ ಸುಮಾರು 14,000 ಮಂದಿ, 2024ರ ಸಾರ್ವತ್ರಿಕ ಚುನಾವಣೆಯಲ್ಲಿ ಸುಮಾರು 16,000. ಶೇಕಡಾವಾರು ನೋಡಿದರೆ ಪುಡಿ ಲೆಕ್ಕ, ನಿಜ. ಆದರೆ ಚೀಟಿಯಿಲ್ಲವೆಂದು ಮನೆಯಲ್ಲೇ ಉಳಿದವರು ಈ ಎಣಿಕೆಯಲ್ಲಿಲ್ಲ.

ನಿಯಮ ಎಲ್ಲರಿಗೂ ಒಂದೇ, ಭಾರ ಒಂದೇ ಅಲ್ಲ. ಲಂಡನ್ನಿನಲ್ಲಿ ಅರವತ್ತು ದಾಟಿದವರ ಆಯ್ಸ್ಟರ್ ಕಾರ್ಡ್ ನಡೆಯುತ್ತದೆ, ವಿದ್ಯಾರ್ಥಿಯ ಆಯ್ಸ್ಟರ್ ನಡೆಯುವುದಿಲ್ಲ. ಯಾರ ಜೇಬಿನಲ್ಲಿ ಏನಿರುತ್ತದೆಂದು ತಿಳಿದೇ ಪಟ್ಟಿ ಮಾಡಿದರೇನೋ ಎಂಬ ಗುಮಾನಿ ನನಗಿದೆ. ಈ ಕಾಯಿದೆ ತಂದ ಸರ್ಕಾರದ ಪ್ರಧಾನಿಯಾಗಿದ್ದ ಬೋರಿಸ್ ಜಾನ್ಸನ್ ಅವರೇ 2024ರ ಮೇನಲ್ಲಿ ಚೀಟಿ ಮರೆತು ಬಂದು ಮತಗಟ್ಟೆಯಿಂದ ಮರಳಬೇಕಾಯಿತು. ನಕ್ಕೆವು. ಅವರು ಚೀಟಿ ತಂದು ಮತ ಹಾಕಿದರು. ಮನೆಯಲ್ಲಿ ಚೀಟಿ ಇದ್ದವರಿಗೆ ಅದು ಸುಲಭ. ಇಲ್ಲದವರಿಗೆ ಪುಕ್ಕಟೆ ಪ್ರಮಾಣಪತ್ರ ಉಂಟು, ಆದರೆ ಮತದಾನಕ್ಕೆ ಆರು ಕೆಲಸದ ದಿನ ಮುಂಚೆಯೇ ಅರ್ಜಿ ಹಾಕಿರಬೇಕು.

ಈ ವಿಷಯದಲ್ಲಿ ನಮ್ಮ ದೇಶದ ಕೈ ಸಡಿಲ. ಮತದಾರರ ಚೀಟಿ ಇಲ್ಲದಿದ್ದರೆ ಫೋಟೋ ಇರುವ ಬ್ಯಾಂಕಿನ ಪಾಸ್‌ಬುಕ್ಕು, ಉದ್ಯೋಗ ಖಾತರಿಯ ಜಾಬ್ ಕಾರ್ಡು ಕೂಡ ಆದೀತು. ಮೇಲೆ ಮೈಸೂರಿನಲ್ಲಿ ತಯಾರಾಗುವ ಶಾಯಿ, 1962ರ ಚುನಾವಣೆಯಿಂದ ಬೆರಳಿಗೆ ಹತ್ತುತ್ತಿರುವುದು. ಅದು ನೀನು ಯಾರೆಂದು ಕೇಳುವುದಿಲ್ಲ, ಎರಡನೆಯ ಸಲ ಬರಬೇಡ ಎನ್ನುತ್ತದೆ ಅಷ್ಟೆ. ಆ ಅಜ್ಜಿಯ ಬೆರಳಿಗೂ ಅದು ಚೆನ್ನಾಗಿಯೇ ಹತ್ತುತ್ತಿತ್ತು.

ಆದರೆ ಕಡಲಾಚೆಯ ನಮ್ಮ ವಿಷಯಕ್ಕೆ ಬಂದರೆ ಅದೇ ದೇಶ ಬಿಗಿ. 2010ರ ತಿದ್ದುಪಡಿಯ ಮೇಲೆ ಅನಿವಾಸಿಗಳ ಹೆಸರು ಊರಿನ ಪಟ್ಟಿಗೆ ಸೇರಬಹುದು. ಮತ ಹಾಕಲು ಮಾತ್ರ ಪಾಸ್‌ಪೋರ್ಟ್ ಹಿಡಿದು ಖುದ್ದು ಹೋಗಬೇಕು. ನಮ್ಮ ಕನ್ನಡ ಸಂಘದಲ್ಲಿ ಹಾಗೆ ಹೋಗಿಬಂದವರು ಇಬ್ಬರು. ಇಬ್ಬರೂ ಡಾಕ್ಟರು.