ಎರಡು ಕತ್ತಲೆಗಳ ನಡುವೆ ಒಂದು ಎಲೆ

ಸೂಬಾಬುಲ್ ಬೀಜವನ್ನು ಕಾಯಿಯಿಂದ ಬಿಡಿಸಿ ಹಾಗೇ ಮಣ್ಣಿಗೆ ಹಾಕಿದರೆ ಹೆಚ್ಚಿನವು ಏಳುವುದಿಲ್ಲ. ಜೊಳ್ಳಲ್ಲ ಅವು. ಕಂದು ಬಣ್ಣದ, ಎಣ್ಣೆ ಸವರಿದ ಹಾಗೆ ಮಿರುಗುವ ಆ ಚಪ್ಪಟೆ ಬೀಜದ ಸಿಪ್ಪೆ ನೀರನ್ನು ಒಳಗೆ ಬಿಟ್ಟುಕೊಳ್ಳುವುದೇ ಇಲ್ಲ. ಹಾಗಾಗಿ ಬಿತ್ತುವ ಹಿಂದಿನ ದಿನ ನೀರು ಕುದಿಸಿ, ಕುದಿ ಇಳಿದು 80 ಡಿಗ್ರಿಯ ಆಸುಪಾಸಿಗೆ ಬಂದಾಗ ಬೀಜವನ್ನು ಮೂರು ನಿಮಿಷ ಅದರಲ್ಲಿ ಬಿಟ್ಟು ತೆಗೆದು, ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಹಾಕಬೇಕು. ಬೆಳಿಗ್ಗೆ ಎದ್ದು ಪಾತ್ರೆಗೆ ಕಣ್ಣು ಹಾಯಿಸಿದರೆ ಬಹಳಷ್ಟು ಬೀಜಗಳು ಉಬ್ಬಿ, ಬಣ್ಣ ತಿಳಿಯಾಗಿ, ಬೆರಳಿಗೆ ಮೆತ್ತಗಾಗಿರುತ್ತವೆ. ಕೆಲವು ಮಾತ್ರ ರಾತ್ರಿ ಹೇಗಿದ್ದವೋ ಹಾಗೇ ಗಟ್ಟಿಯಾಗಿರುತ್ತವೆ. ಒಂದೇ ಕಾಯಿಯಲ್ಲಿ ಅಕ್ಕಪಕ್ಕ ಬಲಿತ ಬೀಜಗಳು ಇವು. ಎಲ್ಲವೂ ಒಂದೇ ಮಳೆಯನ್ನು ನಂಬಿ ಎದ್ದುಬಿಟ್ಟರೆ, ಆ ಮಳೆ ಕೈಕೊಟ್ಟರೆ, ಇಡೀ ಸಂತತಿಯೇ ಹೋಯಿತು. ಮಳೆಯನ್ನು ನೆಚ್ಚಿ ಬದುಕುವ ನಮ್ಮ ತಿಪಟೂರು ಸೀಮೆಯವರಿಗೆ ಈ ಎಚ್ಚರ ಬಿಡಿಸಿ ಹೇಳಬೇಕಾದದ್ದಲ್ಲ.

ಗಿಡ ಮಾತ್ರ ನಮ್ಮ ಸೀಮೆಯದಲ್ಲ. ಹುಟ್ಟೂರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಅಲ್ಲಿಂದ ಸ್ಪೇನಿನವರ ಹಡಗುಗಳಲ್ಲಿ ಪೆಸಿಫಿಕ್ ಸಾಗರ ದಾಟಿ ಫಿಲಿಪ್ಪೀನ್ಸಿಗೆ ಬಂತು. ನಮ್ಮ ಕಡೆ ಅದನ್ನು ಹಳ್ಳಿಯ ಬದುಗಳಿಗೆ ಮುಟ್ಟಿಸಿದ್ದರಲ್ಲಿ ಪುಣೆ ಹತ್ತಿರದ ಉರುಳಿಕಾಂಚನದಲ್ಲಿ ಮಣಿಭಾಯಿ ದೇಸಾಯಿಯವರು ಕಟ್ಟಿದ ಬೈಫ್ ಸಂಸ್ಥೆಯ ಪಾಲು ದೊಡ್ಡದು. ಇವತ್ತು ತೆಂಗಿನ ತೋಟದ ಬೇಲಿಯಲ್ಲಿ, ರಾಗಿ ಹೊಲದ ಅಂಚಿನಲ್ಲಿ, ಕೆರೆ ಏರಿಯ ಕೆಳಗೆ ಎಲ್ಲಿ ನೋಡಿದರೂ ಅದರ ಸಣ್ಣೆಲೆಯ ಗರಿಗಳು, ದುಂಡನೆಯ ಬಿಳಿ ಹೂವುಗಳು. ಮೇಕೆ ಕಟ್ಟಿದವರು, ಹಸು ಸಾಕಿದವರು ಇಬ್ಬರಿಗೂ ಬೇಕಾದ ಸೊಪ್ಪು. ಒಣಗಿಸಿದ ಎಲೆಯಲ್ಲಿ ನೂರಕ್ಕೆ 20ರಿಂದ 25 ಪಾಲು ಪ್ರೋಟೀನು. ರಾಗಿ ಹುಲ್ಲನ್ನೇ ನೆಚ್ಚಿಕೊಂಡ ಕೊಟ್ಟಿಗೆಗೆ ಇದು ಹಿಂಡಿಯ ಖರ್ಚು ಇಳಿಸುವ ಗಿಡ.

ಬಿತ್ತಿದವರಿಗೆ ಮೊದಲ ಎರಡು ಮೂರು ತಿಂಗಳು ಸಹನೆ ಬೇಕು. ಸಸಿ ಮೇಲಕ್ಕೆ ಏಳುವುದೇ ಇಲ್ಲ ಅನ್ನಿಸುತ್ತದೆ. ಸುತ್ತಲಿನ ಕಳೆ ಅದನ್ನು ಮುಚ್ಚಿಬಿಡುತ್ತದೆ. ಈ ದಿನಗಳಲ್ಲಿ ಬುಡ ಬಿಡಿಸಿ ಕಳೆ ತೆಗೆಯುವುದು, ಮೇಕೆ ಬಾಯಿ ಹಾಕದಂತೆ ಮುಳ್ಳು ಕಟ್ಟುವುದು, ಇಷ್ಟೇ ನಮ್ಮ ಕೆಲಸ. ಗಿಡದ ಕೆಲಸವೆಲ್ಲ ನಡೆಯುವುದು ಕೆಳಗೆ. ತಾಯಿಬೇರು ಮಣ್ಣನ್ನು ಸೀಳಿಕೊಂಡು ಇಳಿಯುತ್ತಿರುತ್ತದೆ. ಪಕ್ಕದ ಬೇರುಗಳು ಇನ್ನೊಂದು ಕೆಲಸದಲ್ಲಿರುತ್ತವೆ: ಮಣ್ಣಿನಲ್ಲಿರುವ ರೈಜೋಬಿಯಂ ಎಂಬ ಸೂಕ್ಷ್ಮಾಣುವನ್ನು ಕರೆಯುವುದು. ಬೇರು ಒಂದು ರಾಸಾಯನಿಕವನ್ನು ಒಸರಿಸುತ್ತದೆ, ಸೂಕ್ಷ್ಮಾಣು ಇನ್ನೊಂದು ರಾಸಾಯನಿಕದಿಂದ ಅದಕ್ಕೆ ಓಗೊಡುತ್ತದೆ. ಒಪ್ಪಿಗೆಯಾದರೆ ಬೇರಿನ ಕೂದಲು ಬಾಗಿ ಸುರುಳಿಯಾಗಿ ಆ ಸೂಕ್ಷ್ಮಾಣುವನ್ನು ತನ್ನೊಳಗೆ ಸುತ್ತಿಕೊಳ್ಳುತ್ತದೆ. ಎಲ್ಲ ರೈಜೋಬಿಯಂಗೂ ಸೂಬಾಬುಲ್ ಬಾಗಿಲು ತೆರೆಯುವುದಿಲ್ಲ. ಅದಕ್ಕೆ ಹೊಂದುವ ಜಾತಿಯೇ ಬೇಕು. ಅದಕ್ಕಾಗಿಯೇ ಹೊಸ ನೆಲದಲ್ಲಿ ಬಿತ್ತುವವರು ಬೆಲ್ಲದ ಪಾಕದಲ್ಲಿ ರೈಜೋಬಿಯಂ ಪುಡಿ ಕಲಸಿ, ಬೀಜಕ್ಕೆ ಲೇಪಿಸಿ, ನೆರಳಲ್ಲಿ ಆರಿಸಿ ಹಾಕುವುದು.

ಸಾಲಿನಲ್ಲಿ ಒತ್ತಾಗಿ ಎದ್ದ ಸಸಿಯೊಂದನ್ನು ಮಣ್ಣು ಸಡಿಲಿಸಿ ಮೆಲ್ಲಗೆ ಎಬ್ಬಿಸಿ ನೋಡಿ. ಎಳೆದು ಕಿತ್ತರೆ ಗಂಟುಗಳು ಮಣ್ಣಲ್ಲೇ ಉಳಿದುಬಿಡುತ್ತವೆ. ಬೇರನ್ನು ನೀರಿನಲ್ಲಿ ಅಲುಗಿಸಿದರೆ ಸಾಸಿವೆಯಿಂದ ಹಿಡಿದು ಮೆಣಸಿನ ಕಾಳಿನ ಗಾತ್ರದವರೆಗಿನ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು, ಬೆರಳ ತುದಿಗೂ ಅಷ್ಟು ಅಂಟುತ್ತದೆ. ಬಿಳಿಚಿಕೊಂಡಿದ್ದರೆ ಗಂಟು ಇನ್ನೂ ಕೆಲಸಕ್ಕೆ ಇಳಿದಿಲ್ಲ, ಹಸಿರಾಗಿದ್ದರೆ ಅದರ ಕಾಲ ಮುಗಿಯಿತು. ಕೆಂಪು ಇದ್ದರೆ ಕೆಲಸ ನಡೆಯುತ್ತಿದೆ. ಆ ಕೆಂಪಿಗೆ ಕಾರಣವಾದ ಲೆಗ್‌ಹಿಮೋಗ್ಲೋಬಿನ್ ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಹತ್ತಿರದ ಸಂಬಂಧಿ. ಅದೇ ಕಬ್ಬಿಣ, ಅದೇ ಆಮ್ಲಜನಕವನ್ನು ಹಿಡಿಯುವ ಗುಣ. 1939ರಲ್ಲಿ ಜಪಾನಿನ ಕುಬೊ ಎಂಬ ವಿಜ್ಞಾನಿ ಇದನ್ನು ಗುರುತಿಸಿದರು. ಎಷ್ಟು ಸಲ ಸೀಳಿ ನೋಡಿದರೂ ಗಿಡದೊಳಗೆ ಆ ಬಣ್ಣ ಕಂಡಾಗ ನನ್ನ ಕೈ ಒಂದು ಗಳಿಗೆ ನಿಲ್ಲುತ್ತದೆ.

ಗಿಡಕ್ಕೆ ರಕ್ತದಂಥ ವಸ್ತು ಯಾಕೆ ಬೇಕಾಯಿತು? ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದ್ದರೂ ಯಾವ ಗಿಡವೂ ಅದನ್ನು ನೇರವಾಗಿ ಬಳಸಲಾರದು. ಎರಡು ಸಾರಜನಕ ಪರಮಾಣುಗಳ ಹಿಡಿತ ಅಷ್ಟು ಬಿಗಿ. ಗೊಬ್ಬರದ ಕಾರ್ಖಾನೆಗಳು ಆ ಹಿಡಿತ ಬಿಡಿಸಲು 400 ಡಿಗ್ರಿಗೂ ಮೀರಿದ ಕಾವು ಮತ್ತು ಗಾಳಿಯ ಒತ್ತಡದ ನೂರಾರು ಪಟ್ಟು ಒತ್ತಡವನ್ನು ಬಳಸುತ್ತವೆ. ಬೇರುಗಂಟಿನ ಸೂಕ್ಷ್ಮಾಣು ಅದೇ ಕೆಲಸವನ್ನು ತಣ್ಣನೆಯ ಮಣ್ಣಿನಲ್ಲಿ ಮಾಡುತ್ತದೆ. ಒಂದೇ ಷರತ್ತು, ಆ ಕೆಲಸ ಮಾಡುವ ಕಿಣ್ವಕ್ಕೆ ಆಮ್ಲಜನಕ ತಗುಲಬಾರದು, ತಗುಲಿದರೆ ಕೆಟ್ಟುಹೋಗುತ್ತದೆ. ಸೂಕ್ಷ್ಮಾಣುವಿಗೋ ಉಸಿರಾಡಲು ಆಮ್ಲಜನಕ ಬೇಕೇ ಬೇಕು. ಈ ಇಕ್ಕಟ್ಟನ್ನು ಬಿಡಿಸುವುದು ಆ ಕೆಂಪು. ಆಮ್ಲಜನಕವನ್ನು ತಾನು ಹಿಡಿದುಕೊಂಡು, ಉಸಿರಿಗೆ ಬೇಕಾದಷ್ಟನ್ನು ಮಾತ್ರ ಕೊಡುತ್ತಾ, ಕಿಣ್ವದ ಸುತ್ತ ಅದು ಸುಳಿಯದಂತೆ ಕಾಯುತ್ತದೆ. ಬದುವಿನ ಮೇಲೆ ಗಾಳಿಗೆ ತೂಗಾಡುವ ಹಸಿರೆಲ್ಲವೂ ಗಾಳಿ ಸೋಕಬಾರದ ಈ ಕತ್ತಲ ಕೋಣೆಯಿಂದ ಎದ್ದುಬಂದದ್ದು.

ಒಮ್ಮೆ ಬೇರೂರಿದರೆ ಗಿಡ ಕಡಿತಕ್ಕೆ ಹೆದರುವುದಿಲ್ಲ. ಎದೆಮಟ್ಟ ಬೆಳೆದ ಮೇಲೆ ಮೊದಲ ಕಡಿತ, ಆಮೇಲೆ ತೇವ ಇದ್ದರೆ ಒಂದೂವರೆ ಎರಡು ತಿಂಗಳಿಗೊಮ್ಮೆ. ನೆಲದ ಮಟ್ಟಕ್ಕೆ ಕಡಿಯದೆ ಮೊಣಕಾಲಿನಿಂದ ಸೊಂಟದವರೆಗೆ ಬೊಡ್ಡೆ ಬಿಟ್ಟರೆ ಚಿಗುರು ತುಂಬಾ ಒಡೆಯುತ್ತದೆ. ಸಂಜೆ ಹೊತ್ತಿಗೆ ಎಲೆಗಳು ಎದುರುಬದುರಾಗಿ ಮಡಚಿಕೊಳ್ಳುತ್ತವೆ, ಆಗ ಸಾಲು ಇದ್ದಕ್ಕಿದ್ದಂತೆ ತೆಳ್ಳಗಾದಂತೆ ಕಾಣುತ್ತದೆ.

ಆದರೆ ಕಾಯಿ ಬಲಿಯಲು ಬಿಡಬಾರದು. ಇದನ್ನು ಒತ್ತಿ ಹೇಳಬೇಕು. ಜಗತ್ತಿನಲ್ಲಿ ಅತಿಯಾಗಿ ಹಬ್ಬಿ ಸ್ಥಳೀಯ ಜೀವಗಳನ್ನು ಮೂಲೆಗೆ ತಳ್ಳುವ ನೂರು ಜೀವಿಗಳ ಪಟ್ಟಿಯಲ್ಲಿ ಇದರ ಹೆಸರೂ ಇದೆ. ಹೂ ಬಂದಾಗಲೇ ಕಡಿದರೆ ಮೇವೂ ಎಳೆಯದು, ಪಕ್ಕದ ಕಾಡೂ ಕ್ಷೇಮ. ಬೀಜಕ್ಕೆಂದು ಒಂದೆರಡು ಗಿಡ ಬಿಟ್ಟರೆ ಸಾಕು.

1980ರ ದಶಕದಲ್ಲಿ ಇದರ ತವರಿನ ಕಡೆಯದೇ ಒಂದು ಸಣ್ಣ ಜಿಗಿಹುಳು ಸಾಗರ ದಾಟಿ ಬಂತು. 1984ರಲ್ಲಿ ಹವಾಯಿಯಲ್ಲಿ ಕಂಡದ್ದು 1988ರ ಹೊತ್ತಿಗೆ ದಕ್ಷಿಣ ಭಾರತ ಮುಟ್ಟಿ ಚಿಗುರುಗಳ ರಸ ಹೀರಿ ಒಣಗಿಸತೊಡಗಿತು. ಆಗ ಥಾಯ್ಲೆಂಡಿನಿಂದ ಬೆಂಗಳೂರಿಗೆ ತರಿಸಿ ಬಿಟ್ಟದ್ದು, ಉಕ್ಕಿನ ನೀಲಿ ಹೊಳಪಿನ ಬೆನ್ನಿಗೆ ಎರಡೂ ಪಕ್ಕ ಕಿತ್ತಳೆ ಮಚ್ಚೆ ಇರುವ ಗುಲಗಂಜಿ ಹುಳುವನ್ನು. ಅದು ಇಲ್ಲೇ ನೆಲೆಯೂರಿತು. ಒಂದು ಗಿಡದ ಹಿಂದೆ ಅದರ ಶತ್ರು, ಶತ್ರುವಿನ ಹಿಂದೆ ಅದನ್ನು ತಿನ್ನುವ ಜೀವ, ಹೀಗೆ ಬಳಗವೇ ಗುಳೆ ಬರುತ್ತದೆ.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಹಿಡಿದಿಟ್ಟಿರುವುದು ಎಲೆಯೊಳಗಿನ ವಿಷದ ವಿಷಯ. ಸೂಬಾಬುಲ್ ಸೊಪ್ಪಿನಲ್ಲಿ ಮಿಮೋಸಿನ್ ಎಂಬ ಪದಾರ್ಥವಿದೆ. ಕುದುರೆಗೆ ಈ ಸೊಪ್ಪು ಹಾಕಿದರೆ ಬಾಲದ, ಕುತ್ತಿಗೆಯ ಕೂದಲು ಉದುರುತ್ತದೆ. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ಮಿಮೋಸಿನ್ ಒಡೆದು ಇನ್ನೊಂದು ವಸ್ತುವಾಗುತ್ತದೆ. ಅದು ಥೈರಾಯ್ಡ್ ಗ್ರಂಥಿಯನ್ನು ಕೆಡಿಸುತ್ತದೆ. ಆಸ್ಟ್ರೇಲಿಯಾದಲ್ಲಿ ಈ ಸೊಪ್ಪನ್ನೇ ಹೆಚ್ಚಾಗಿ ಮೇಯ್ದ ದನಗಳಿಗೆ ಗಳಗಂಡವಾಗಿ, ಕೂದಲು ಉದುರಿ, ಮೈ ಇಳಿದುಹೋಗುತ್ತಿತ್ತು. ಹವಾಯಿಯ ಮೇಕೆಗಳು ಮಾತ್ರ ಅದೇ ಸೊಪ್ಪು ತಿಂದು ದುಂಡಗಿದ್ದವು. ಆಸ್ಟ್ರೇಲಿಯಾದ ವಿಜ್ಞಾನಿ ರೇಮಂಡ್ ಜೋನ್ಸ್ ಇದನ್ನು ಬೆನ್ನು ಹತ್ತಿದರು. ವ್ಯತ್ಯಾಸ ಇರುವುದು ಮೇಕೆಯಲ್ಲಲ್ಲ, ಮೇಕೆಯ ಹೊಟ್ಟೆಯೊಳಗೆ ವಾಸವಾಗಿರುವ ಯಾರೋ ಆ ವಿಷವನ್ನು ತಿನ್ನುತ್ತಿರಬೇಕು ಎಂಬುದು ಅವರ ಊಹೆ. ಹವಾಯಿ ಮೇಕೆಯ ಹೊಟ್ಟೆಯ ಸೂಕ್ಷ್ಮಾಣುಗಳನ್ನು ಆಸ್ಟ್ರೇಲಿಯಾದ ದನಗಳಿಗೆ ಕುಡಿಸಿದರು. ಕಾಯಿಲೆ ನಿಂತಿತು. ಇನ್ನೂ ಸೋಜಿಗವೆಂದರೆ ಮಂದೆಯ ಕೆಲವು ದನಗಳಿಗೆ ಕುಡಿಸಿದರೆ ಉಳಿದವಕ್ಕೆ ತಾನಾಗಿಯೇ ದಾಟುತ್ತಿತ್ತು. ಆ ಸೂಕ್ಷ್ಮಾಣುವಿಗೆ 1992ರಲ್ಲಿ ಸಿನರ್ಜಿಸ್ಟಿಸ್ ಜೋನ್ಸಿಯೈ ಎಂದು ಅವರ ಗೌರವಾರ್ಥವೇ ಹೆಸರಿಟ್ಟರು.

ಈ ಸೂಕ್ಷ್ಮಾಣುವಿಗಂತೂ ಆಮ್ಲಜನಕವೇ ಆಗದು. ಗಾಳಿ ಸೋಕದ, ಬೆಚ್ಚಗಿನ, ಸದಾ ಕಲಕುತ್ತಿರುವ ಹೊಟ್ಟೆಯೊಳಗೇ ಅದರ ಬದುಕು. ಇದನ್ನು ಓದಿದ ದಿನ ಬೇರುಗಂಟಿನ ಕೆಂಪು ಕಣ್ಣ ಮುಂದೆ ಬಂತು. ಕೆಳಗೆ ಬೇರಿನಲ್ಲಿ ಗಾಳಿಗೆ ಹೆದರುವ ಒಂದು ಕೆಲಸ, ಇಲ್ಲಿ ಹಸುವಿನ ಹೊಟ್ಟೆಯಲ್ಲಿ ಗಾಳಿಗೆ ಹೆದರುವ ಇನ್ನೊಂದು ಜೀವ. ಮೊದಲನೆಯದು ಎಲೆಯನ್ನು ಕಟ್ಟುತ್ತದೆ, ಎರಡನೆಯದು ಅದೇ ಎಲೆಯ ವಿಷ ಕಳೆಯುತ್ತದೆ. ನಾವು ಕುಡುಗೋಲು ಹಿಡಿದು ಬಿಸಿಲಲ್ಲಿ ಕೊಯ್ದು, ಹೊರೆ ಕಟ್ಟಿ, ಗೋದಲಿಗೆ ಹಾಕುವ ಸೊಪ್ಪಿನ ದಾರಿಯೆಂದರೆ ಆ ಕತ್ತಲೆಯಿಂದ ಈ ಕತ್ತಲೆಗೆ. ನಡುವೆ ಅಷ್ಟು ಹೊತ್ತು ಅದು ಬೆಳಕಿನಲ್ಲಿರುತ್ತದೆ. ಹಾಲು ನಮ್ಮ ದುಡಿಮೆಯ ಫಲ ಎಂದು ಹೇಳಿಕೊಳ್ಳುವಾಗ ಈ ಎರಡು ತುದಿಗಳು ನನಗೆ ನೆನಪಾಗುತ್ತವೆ.

ಊರಲ್ಲಿ ಇದನ್ನೆಲ್ಲ ಓದದವರೂ ಇದರ ಅಂಚು ಮುಟ್ಟಿದ್ದಾರೆ. ಹೊಸದಾಗಿ ತಂದ ಹಸುವಿಗೆ ನಾನು ತಬ್ಬುತುಂಬ ಸೊಪ್ಪು ಒಯ್ಯುವುದನ್ನು ಕಂಡು ಪಕ್ಕದ ಮನೆ ದೊಡ್ಡಮ್ಮ ಬೇಲಿಯಾಚೆಯಿಂದಲೇ ಕೂಗಿದ್ದರು: “ಒಂದೇ ಸಲಕ್ಕೆ ಸುರೀಬೇಡ ಕಣಪ್ಪಾ, ಅದರ ಹೊಟ್ಟೆಗೂ ಪರಿಚಯ ಆಗ್ಬೇಕು. ಹುಲ್ಲಿನ ಜೊತೆ ಒಂದೊಂದು ಹಿಡಿ ಹಾಕ್ತಾ ಬಾ.” ಪಶುವೈದ್ಯರು ಹೇಳುವುದೂ ಇದನ್ನೇ. ನಿಧಾನವಾಗಿ ರೂಢಿಸಿ, ಒಟ್ಟು ಮೇವಿನ ಮೂರರಲ್ಲೊಂದು ಪಾಲು ಮೀರಿಸಬೇಡಿ, ಉಳಿದದ್ದು ಹುಲ್ಲೇ ಇರಲಿ.

ಜೋನ್ಸ್ ಅವರ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ಅಧ್ಯಯನಗಳಲ್ಲಿ ಪ್ರಾಣಿಯ ಯಕೃತ್ತು ಕೂಡ ಆ ವಿಷವನ್ನು ಕಟ್ಟಿಹಾಕಿ ಮೂತ್ರದಲ್ಲಿ ಹೊರಗೆ ಕಳಿಸುತ್ತದೆ ಎಂದು ಗೊತ್ತಾಯಿತು. ಸೂಬಾಬುಲ್ ಸೊಪ್ಪನ್ನು ಎಂದೂ ತಿಂದಿರದ ಪ್ರಾಣಿಗಳ ಹೊಟ್ಟೆಯಲ್ಲೂ ಆ ಸೂಕ್ಷ್ಮಾಣು ಅಲ್ಪಸ್ವಲ್ಪ ಸಿಕ್ಕಿತು. ತನ್ನ ಪಾಡಿಗೆ ಬೇರೇನನ್ನೋ ತಿಂದುಕೊಂಡು ಅದು ಅಲ್ಲಿತ್ತು. ಹಾಗಾದರೆ ಮೆಕ್ಸಿಕೊದ ಎಲೆ ಬರುವ ಮೊದಲೇ ಅದರ ವಿಷಕ್ಕೆ ಮದ್ದು ನಮ್ಮ ಹಳ್ಳಿಕಾರ್ ಹಸುವಿನ ಹೊಟ್ಟೆಯಲ್ಲಿ ಇದ್ದಿರಬಹುದೇ? ಇದ್ದರೆ ಎಷ್ಟು ಕಾಲದಿಂದ? ಇಂಥವು ಇನ್ನೆಷ್ಟು ಅಲ್ಲಿವೆ, ಯಾವ ಗಿಡದ ಎಲೆ ಬರಲೆಂದು?